ಹಿಂದಿನ ಸೀಟಿನ ಎಡಮೂಲೆ

ನಾನು ಮರ್ಯಾದಸ್ಥ ಎಂಬ ಒಂದು ಅಭಿಪ್ರಾಯ ನಮ್ಮ ಬೀದಿಯಲ್ಲಿದೆ. ಬಹಳ ವರ್ಷ ಅದನ್ನು ನಾನೂ ನಂಬಿದ್ದೆ. ಇನ್ನೊಬ್ಬರಿಗೆ ಮುಜುಗರವಾಗುವ ಮಾತನ್ನು ನಾನು ಆಡುವುದಿಲ್ಲ. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡವರಿಗೆ ಅದನ್ನು ಹೇಳುವುದಿಲ್ಲ. ಎದುರಿಗಿರುವವರ ಮೀಸೆಗೆ ಮಜ್ಜಿಗೆ ಅಂಟಿದ್ದರೆ ಅವರ ಕಿವಿಯನ್ನು ನೋಡುತ್ತಾ ಮಾತು ಮುಗಿಸುತ್ತೇನೆ. ಇದರಿಂದ ಯಾರಿಗೂ ಕೆಡುಕಾಗುವುದಿಲ್ಲ ಎಂದುಕೊಂಡಿದ್ದೆ. ಆಗುತ್ತದೆ. ಒಂದು ಮಳೆಗಾಲವಿಡೀ ನಾನು ಹೀಗೆ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿದ್ದಕ್ಕೆ ಒಬ್ಬ ಹಿರಿಯರು ಕಾಫಿ ಬಿಟ್ಟರು, ಊರಿಗೆ ಹೋಗುವುದನ್ನು ಬಿಟ್ಟರು, ಕೊನೆಗೆ ಮೊಮ್ಮಗಳ ನಾಮಕರಣಕ್ಕೂ ಬರುವುದಿಲ್ಲ ಎಂದರು. ಅದನ್ನು ನಡೆದ ಹಾಗೆಯೇ ಹೇಳುತ್ತೇನೆ. ಸರ್ವೆ ಕೆಲಸದಲ್ಲಿ ಸರಪಳಿ ಎಳೆದು ಜಮೀನು ಅಳೆದವನು ನಾನು. ಅಂದಾಜಿನಲ್ಲಿ ಹೇಳಿ ಅಭ್ಯಾಸವಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನಲ್ಲಿ ನಮ್ಮದು ಬಾಡಿಗೆ ಮನೆ. ಕುಣಿಗಲ್ಲಿನ ಡಾಕ್ಟರೊಬ್ಬರು ಹೊಸ ಕಾರು ತೆಗೆದುಕೊಂಡಾಗ ಅವರ ಹಳೆಯದು ನನ್ನ ಪಾಲಿಗೆ ಬಂತು. ಬಿಳಿ ಬಣ್ಣ, ಕಂದು ರೆಕ್ಸಿನ್ ಸೀಟು. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಅಷ್ಟು ವರ್ಷವಾದ ಮೇಲೂ ಅದನ್ನು ಯಾರಾದರೂ ಓಡಿಸುತ್ತಾರೆಂದು ಮಾಡಿದವರು ಭಾವಿಸಿರಲಾರರು. ನನ್ನ ಹೆಂಡತಿ ಸುಶೀಲಳ ತಂದೆ ಸಿದ್ದಪ್ಪ ಮೇಷ್ಟರು ಆಗ ನಮ್ಮ ಜೊತೆಯಲ್ಲಿದ್ದರು. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇಸ್ತ್ರಿಯ ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ಟವೆಲು. ಆ ಟವೆಲಿನ ಮಡಿಕೆ ಬಿಚ್ಚಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಭಾನುವಾರ ಬೆಳಿಗ್ಗೆ ಅವರನ್ನು ಗುಬ್ಬಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಸಂತೋಷದ ಕೆಲಸ. ಹೋಟೆಲಿನ ಮುಂದೆ ಅವರು ಇಳಿದರೆ ಒಳಗೆ ದೋಸೆ ತಿನ್ನುತ್ತಿದ್ದ ಹಳೆಯ ಶಿಷ್ಯರೆಲ್ಲ ಎದ್ದು ನಿಲ್ಲುತ್ತಿದ್ದರು. ಎಡಗೈಯನ್ನು ಹಿಂದೆ ಮುಚ್ಚಿಟ್ಟುಕೊಂಡು ಬೀಡಿ ಆರಿಸುವವರೂ ಇದ್ದರು. ಮೇಷ್ಟರು ಹಿಂದಿನ ಸೀಟಿನ ಎಡಮೂಲೆಯಲ್ಲೇ ಕೂರುವವರು, ಹೋಟೆಲು ಆ ಕಡೆಗೇ ಬರುತ್ತಿತ್ತು.

ಅಂಥ ಒಂದು ಭಾನುವಾರ, ಹಿಂದಿನ ಎರಡು ದಿನ ಮಳೆ ಹೊಯ್ದು ಅಂದು ಚೆನ್ನಾಗಿ ಬಿಸಿಲು ಬಿದ್ದಿತ್ತು. ಮೇಷ್ಟರು ಇಳಿದರು. ಶಿಷ್ಯರು ಎದ್ದರು. ಮೇಷ್ಟರ ಪಂಚೆಯ ಹಿಂಭಾಗ ಒದ್ದೆಯಾಗಿತ್ತು. ಅವರ ಕೈ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಹೆಗಲಿನ ಟವೆಲನ್ನು ಬಿಡಿಸಿ ಸೊಂಟಕ್ಕೆ ಸುತ್ತಿಕೊಂಡರು. ನಾನು ಎಲೆಕ್ಟ್ರಿಕ್ ತಂತಿಯ ಮೇಲೆ ಕೂತಿದ್ದ ಕಾಗೆಯನ್ನು ನೋಡಿದೆ. ಕಾಗೆ ನೋಡುವವನಲ್ಲ ನಾನು.

ಎರಡು ವಾರದ ಮೇಲೆ ಮತ್ತೆ ಹಾಗೆಯೇ ಆಯಿತು. ಅವತ್ತೂ ಮಳೆ ಇಲ್ಲ. ಅವರು ಒಳಗೆ ಹೋದ ಮೇಲೆ ನಾನು ಕಾರಿನ ಚಾವಣಿ ಮುಟ್ಟಿ ನೋಡಿದೆ, ಒಣಗಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಸೀಟಿನ ಬಲಭಾಗ ಒಣಗಿತ್ತು. ಅವರು ಕೂತಿದ್ದ ಒಂದು ಗೇಣು ಜಾಗ ಮಾತ್ರ ಒದ್ದೆ. ಕೈಗೆ ತಾಗಿದ್ದನ್ನು ಮೂಸಿ ನೋಡಿದ್ದರೆ ಅಲ್ಲೇ ತೀರ್ಮಾನವಾಗುತ್ತಿತ್ತು. ಆದರೆ ಮಾವ ಕೂತಿದ್ದ ಜಾಗವನ್ನು ಮೂಸುವಷ್ಟು ಮರ್ಯಾದೆಗೆಟ್ಟವನಲ್ಲ ನಾನು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೀರ್ಮಾನಕ್ಕೆ ಬಂದೆ.

ಮನೆಯಲ್ಲಿ ಸುಶೀಲಳಿಗೆ ಪಿಸುಮಾತಿನಲ್ಲಿ ಹೇಳಿದೆ.

"ಅಪ್ಪಂಗಾ? ಏನ್ ಮಾತು ಅಂತ ಆಡ್ತೀರಿ ನೀವು."

"ನಾನೇನೂ ಅಂದಿಲ್ಲ. ಒದ್ದೆ ಇತ್ತು ಅಂದೆ ಅಷ್ಟೇ."

"ಅಂದಿಲ್ಲ ಅಂತ ಅಂದ್ರಲ್ಲ, ಅದೇ ಅಂದಂಗೆ," ಎಂದು ಅಡಿಗೆಮನೆಗೆ ಹೋದಳು. ಆದರೆ ಮುಂದಿನ ಭಾನುವಾರ ಅವಳೂ ಕಾರು ಹತ್ತಿದಳು. ನಾಲ್ಕು ಮೈಲಿಗೊಮ್ಮೆ, "ಒಂಚೂರು ನಿಲ್ಸಿ, ಇಂಜಿನ್ನು ಬಿಸಿಯಾಗಿರುತ್ತೆ," ಅನ್ನುವಳು. ಕಾರು ನಿಂತರೆ ಇಂಜಿನ್ನಿನ ಕಡೆ ನೋಡದೆ, "ಅಪ್ಪ, ಇಳೀರಿ, ಕಾಲಾಡಿಸ್ಕೊಂಡು ಬನ್ನಿ, ಅಲ್ಲಿ ಮರ ಐತೆ," ಅನ್ನುವಳು. ಮೇಷ್ಟರು ಮರವನ್ನೂ ನೋಡಿದರು, ಮಗಳನ್ನೂ ನೋಡಿದರು. ಆ ವಾರದಿಂದ ಕಾರು ಹತ್ತುವ ದಿನ ಅವರು ಕಾಫಿ ಕುಡಿಯುವುದನ್ನು ನಿಲ್ಲಿಸಿದರು. ಆಮೇಲೆ ನೀರನ್ನೂ ನಿಲ್ಲಿಸಿದರು.

ನನ್ನ ಅತಿ ದೊಡ್ಡ ಉಪಕಾರ ಇನ್ನು ಮುಂದಿನದು. ಬಾಣಂತಿಯರ ಹಾಸಿಗೆಗೆ ಹಾಕುತ್ತಾರಲ್ಲ, ಆ ರಬ್ಬರ್ ಶೀಟನ್ನು ತಂದು ಸೀಟಿನ ಅಳತೆಗೆ ಸರಿಯಾಗಿ ಕತ್ತರಿಸಿ ಹಾಸಿದೆ. ಕಾಣಬಾರದೆಂದು ಮೇಲೆ ಹೂವಿನ ಚಿತ್ರದ ದುಪ್ಪಟಿ ಹೊದಿಸಿದೆ. ಮೇಷ್ಟರು ಹತ್ತುವ ಮೊದಲು ದುಪ್ಪಟಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಹಾಗೆಯೇ ಬಿಟ್ಟರು.

"ಒಳ್ಳೇ ಕೆಲ್ಸ ಮಾಡಿದೀರಿ ಬುಡಿ," ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಂದು ಪಂಚೆ ಒದ್ದೆಯಾಗಲಿಲ್ಲ. ಆದರೆ ಅದೇ ಅವರ ಕೊನೆಯ ಗುಬ್ಬಿ ಪ್ರಯಾಣವಾಯಿತು. ಮುಂದಿನ ಭಾನುವಾರ ಮಂಡಿ ನೋವು ಎಂದರು. ಅದರ ಮುಂದಿನ ವಾರ ಕುಣಿಗಲ್ಲಿನಿಂದ ಕಾಗದ ಬಂತು. ಅಲ್ಲಿರುವ ಚಿಕ್ಕ ಮಗಳು ಜಯಳಿಗೆ ಮದುವೆಯಾಗಿ ಎಂಟು ವರ್ಷಕ್ಕೆ ಹೆಣ್ಣು ಮಗುವಾಗಿತ್ತು. ಅಪ್ಪನೇ ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕು, ಬೇರೆ ಯಾರಿಂದಲೂ ಹೇಳಿಸುವುದಿಲ್ಲ ಎಂದು ಬರೆದಿದ್ದಳು. ಮೇಷ್ಟರು ಕಾಗದವನ್ನು ಎರಡು ಸಲ ಓದಿ ಮಡಿಸಿದರು.

"ನೀವು ಹೋಗ್ಬನ್ನಿ. ಅಷ್ಟು ಜನರ ಮಧ್ಯ ನನ್ ಕೈಲಾಗಲ್ಲ," ಎಂದರು.

"ಹಂಗಂದ್ರೆ ಅವ್ಳು ಅಳ್ತಾಳೆ ಅಪ್ಪ," ಎಂದಳು ಸುಶೀಲ.

"ಅಳ್ಲಿ. ಒಂದು ದಿನ ಅಳ್ತಾಳೆ."

ಮಾರನೆಯ ಬೆಳಿಗ್ಗೆ ನಾನು ಮನಸ್ಸು ಕೆಟ್ಟು ಕಾರಿನ ಹತ್ತಿರ ಹೋದೆ. ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ಇನ್ನು ಯಾರಿಗೂ ಬೇಡದ ರಬ್ಬರ್ ಶೀಟನ್ನು ತೆಗೆದುಹಾಕೋಣ ಎಂದು ದುಪ್ಪಟಿ ಎತ್ತಿದೆ. ದುಪ್ಪಟಿ ಒಣಗಿತ್ತು. ರಬ್ಬರಿನ ಮೇಲ್ಭಾಗ ಒಣಗಿತ್ತು. ರಬ್ಬರನ್ನು ಎತ್ತಿದೆ. ಕೆಳಗಿನ ರೆಕ್ಸಿನ್ ತೊಯ್ದು ಹೋಗಿತ್ತು. ಎರಡು ವಾರದಿಂದ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ನಾನು ಎಷ್ಟೋ ಹೊತ್ತು ಆ ಶೀಟನ್ನು ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ಎಡಮೂಲೆಯಲ್ಲಿ ಭಾರ ಬಿಟ್ಟು ಕೂತೆ. ಹೊಲಿಗೆಯ ಸಂದಿನಿಂದ ತಣ್ಣಗೆ ನೀರು ಮೇಲೆ ಬಂತು. ರೆಕ್ಸಿನ್ನಿನ ಒಳಗೆ ತುಂಬಿದ್ದ ತೆಂಗಿನ ನಾರು ಎಲ್ಲಿಂದಲೋ ಮಳೆ ನೀರು ಕುಡಿದು ದಿನಗಟ್ಟಲೆ ಇಟ್ಟುಕೊಂಡಿದ್ದು, ಮೇಲೆ ಕೂತವರಿಗೆ ಹಿಂಡಿಕೊಡುತ್ತಿತ್ತು.

ಆಫೀಸಿನ ಪ್ಯಾಂಟಿನಲ್ಲೇ ಒಳಗೆ ಓಡಿದೆ. ಸುಶೀಲ ನನ್ನ ಹಿಂಭಾಗ ನೋಡಿ, ಮೆಲ್ಲಗೆ, "ನಿಮಗೂ ಶುರುವಾಯ್ತಾ?" ಎಂದಳು.

ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವುದಕ್ಕಲ್ಲ. ಈಗ ತೊಡಕು ಬೇರೆಯಾಗಿತ್ತು. ಅದು ನಿಮ್ಮಿಂದ ಆದದ್ದಲ್ಲ ಎಂದು ಮೇಷ್ಟರಿಗೆ ಹೇಳಿದರೆ, ನಿಮ್ಮಿಂದ ಎಂದುಕೊಂಡಿದ್ದೆವು ಎಂದು ಒಪ್ಪಿಕೊಂಡ ಹಾಗಾಯಿತು. ಜಗುಲಿಯಲ್ಲಿ ಮೇಷ್ಟರು ಪೇಪರ್ ಓದುತ್ತಿದ್ದರು.

"ಮಾವ, ಕಾರು ಸೋರ್ತಾ ಇದೆ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ನೀವೊಂದು ಸಲ ನೋಡ್ತೀರಾ?"

"ಎಲ್ಲಿ ಒದ್ದೆ ಆಗುತ್ತೆ?"

"ಹಿಂದಿನ ಸೀಟು. ಎಡಗಡೆ."

ಅವರು ಪೇಪರ್ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿದರು. "ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ ತಾನೆ?"

ನಾನು ತಿರುಗಿ ನಿಂತು ನನ್ನ ಪ್ಯಾಂಟಿನ ಹಿಂಭಾಗ ತೋರಿಸಿದೆ. ಹಾಲು ತಂದಿದ್ದ ಹೆಂಗಸು ಗೇಟಿನ ಹತ್ತಿರವೇ ನಿಂತುಬಿಟ್ಟಳು. ಮೇಷ್ಟರು ಎರಡು ಬೆರಳಿಂದ ಮುಟ್ಟಿ, ಮೂಗಿನ ಹತ್ತಿರ ಹಿಡಿದು ಮೂಸಿದರು. ವಿಜ್ಞಾನದ ಮೇಷ್ಟರು ಅವರು. "ಮಳೆ ನೀರು," ಎಂದು ಎದ್ದರು.

ಮೆಕ್ಯಾನಿಕ್ ಬಾಷಾ ಸಾಹೇಬರು ಬಂದು ಹಿಂದಿನ ಸೀಟು ಕಿತ್ತು ಹೊರಗಿಟ್ಟರು. ಕಾರಿನ ಮೇಲೆ ಹತ್ತಾರು ಕೊಡ ನೀರು ಸುರಿದರು. "ಎಲ್ಲಾ ಕಡೆನೂ ಒದ್ದೆ ಐತೆ ಸಾರ್, ಯಾವ್ದು ಹೊಸ ನೀರು ಯಾವ್ದು ಹಳೇದು ಅಂತ ಹೆಂಗ್ ಹೇಳೋದು?" ಎಂದು ತಲೆ ಕೆರೆದುಕೊಂಡರು.

"ನೀರಿಗೇ ಕೇಳೋಣ," ಎಂದರು ಮೇಷ್ಟರು. ಮಗಳಿಂದ ಅರಿಶಿನ ತರಿಸಿ ಬಕೆಟ್ಟಿನಲ್ಲಿ ಕದಡಿದರು. ಎಲೆಅಡಿಕೆ ತಟ್ಟೆಯ ಸುಣ್ಣವನ್ನು ತಮ್ಮದೇ ಹಳೆ ಪಂಚೆಯ ತುಂಡಿಗೆ ಸವರಿ, ಸೀಟು ಇದ್ದ ಜಾಗದ ಎಡಮೂಲೆಯಲ್ಲಿ ಹರಡಿದರು. ಅರಿಶಿನಕ್ಕೆ ಸುಣ್ಣ ತಾಗಿದರೆ ಆರತಿಯ ನೀರಿನ ಹಾಗೆ ಕೆಂಪಾಗುತ್ತದೆ. ಅದು ನನಗೂ ಗೊತ್ತಿತ್ತು, ಹೊಳೆದಿರಲಿಲ್ಲ. ಬಾಷಾ ಸಾಹೇಬರು ಅರಿಶಿನದ ನೀರನ್ನು ಬಾಗಿಲಿನ ಸಂದಿಗೆ ಹೊಯ್ದರು. ಬಟ್ಟೆ ಬಿಳಿಯಾಗಿಯೇ ಇತ್ತು. ಚಾವಣಿಯ ಅಂಚಿಗೆ ಹೊಯ್ದರು. ಬಿಳಿ. ಎದುರುಮನೆಯವರು, "ಆಯುಧಪೂಜೆ ಈ ಸಲ ಬೇಗ ಬಂತಾ?" ಎಂದು ಕೇಳಿ ಹೋದರು. ಆಮೇಲೆ ಹಿಂದಿನ ಗಾಜಿನ ಎಡ ಅಂಚಿಗೆ ಹೊಯ್ದರು. ಒಳಗೆ ತಲೆ ಹಾಕಿಕೊಂಡು ಕೂತಿದ್ದ ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಬಟ್ಟೆಗೆ ಇನ್ನೂ ಹತ್ತಿರ ಬಗ್ಗಿದರು. ನಾನು ಬಗ್ಗಿ ನೋಡಿದೆ. ಬಟ್ಟೆಯ ಅಂಚಿನಿಂದ ಕೆಂಪು ನಿಧಾನವಾಗಿ ಹರಡುತ್ತಿತ್ತು.

"ಗಾಜಿನ ರಬ್ಬರು ಬಿರುಕು ಬಿಟ್ಟೈತೆ ಸಾರ್," ಎಂದರು ಬಾಷಾ ಸಾಹೇಬರು. ಮೇಷ್ಟರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಹೊರಗೆ ಬಂದು ಬೆನ್ನು ನೆಟ್ಟಗೆ ಮಾಡಿದರು.

"ಸುಶೀಲಾ, ಒಂದು ಲೋಟ ಕಾಫಿ ಕೊಡಮ್ಮ. ದೊಡ್ಡ ಲೋಟದಲ್ಲಿ."

ಹೊಸ ರಬ್ಬರು ಹಾಕಿಸಿದೆವು. ಸೀಟನ್ನು ಹಪ್ಪಳದ ಹಾಗೆ ಮಾಳಿಗೆಯ ಮೇಲೆ ನಾಲ್ಕು ದಿನ ಒಣಗಿಸಿದೆವು. ನಾಮಕರಣದ ದಿನ ಹೆಬ್ಬೂರು ದಾಟುತ್ತಲೇ ಮಳೆ ಹಿಡಿಯಿತು. ಕುಣಿಗಲ್ ಮುಟ್ಟುವವರೆಗೂ ಬಿಡಲಿಲ್ಲ. ಜಯಳ ಮನೆಯ ಚಪ್ಪರದ ಮುಂದೆ ಮೇಷ್ಟರು ಇಳಿದು, ಅಷ್ಟು ಜನರ ಎದುರಿಗೆ ನಮಗೆ ಬೆನ್ನು ಮಾಡಿ ನಿಂತರು.

"ಸರಿಯಾಗಿ ನೋಡಿ," ಎಂದರು. ನಾವಿಬ್ಬರೂ ಸರಿಯಾಗಿ ನೋಡಿದೆವು. ಒಣಗಿತ್ತು. ಮಗುವಿನ ಕಿವಿಯಲ್ಲಿ ಅವರು ಹೆಸರು ಹೇಳಿದ್ದು ಚಪ್ಪರದ ಆಚೆಗೂ ಕೇಳಿಸಿತು. ಪಾಠ ಹೇಳಿದ ಗಂಟಲು.

ವಾಪಸು ಬರುವಾಗ ಮುಂದಿನ ಸೀಟಿನಲ್ಲಿ, ನನ್ನ ಪಕ್ಕ ಕೂತಿದ್ದರು. ಹಿಂದೆ ಸುಶೀಲ ನಿದ್ದೆ ಹೋಗಿದ್ದಳು.

"ನಾನೇ ಅಂತ ನಿಮಗೆ ಯಾವತ್ತು ಅನ್ನಿಸ್ತು?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. "ಎರಡನೇ ಸಲ," ಎಂದೆ. "ತಪ್ಪಾಯ್ತು ಮಾವ."

ಅವರು ಟವೆಲಿನ ಮಡಿಕೆ ಸರಿಮಾಡಿಕೊಂಡರು. "ನೀವೇ ವಾಸಿ. ಒಂದು ಸಲ ಅನುಮಾನ ಪಡದೆ ಬಿಟ್ಟಿರಿ. ನನಗೆ ಮೊದಲನೇ ಸಲವೇ ಅನ್ನಿಸ್ತು," ಎಂದರು.

ಇದಾಗಿ ಬಹಳ ವರ್ಷವಾಯಿತು. ಈಗ ನನಗೆ ಆಗಿನ ಮೇಷ್ಟರ ವಯಸ್ಸು. ಅಳಿಯ ಕಾರಿನಲ್ಲಿ ಕರೆದುಕೊಂಡು ಹೋದರೆ ಇಳಿಯುವಾಗ ನನ್ನ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಅಳಿಯ ಮರ್ಯಾದಸ್ಥ, ಆಗ ಬೇರೆ ಕಡೆ ನೋಡುತ್ತಾನೆ. ಅವನ ಕಾರು ಹೊಸದು. ಎಲ್ಲಿಯೂ ಒಂದು ಹನಿ ಸೋರುವುದಿಲ್ಲ. ನನಗಿರುವ ಭಯವೇ ಅದು.