ಕೆಂಪು ಕೆಲಸಕ್ಕೆ ಐವತ್ತು ಪಟ್ಟು ಕೂಲಿ

ಅಪಾಯ ಎಂಬ ವಿಷಯದಲ್ಲಿ ಶಿಗ್ಗಾವಿ ತಾಲ್ಲೂಕಿನಲ್ಲಿ ನನ್ನಷ್ಟು ತಿಳಿದವರು ಇಲ್ಲ. ಇದು ಜಂಬದ ಮಾತಲ್ಲ, ಧಂದೆಯ ಮಾತು. ಇಪ್ಪತ್ನಾಲ್ಕು ವರ್ಷಗಳಿಂದ ವಿಮೆ ಮಾರುತ್ತಿದ್ದೇನೆ. ತಡಸದಿಂದ ಬಂಕಾಪುರದವರೆಗೆ ನಾನು ಚಹಾ ಕುಡಿಯದ ಪಡಸಾಲೆಯಿಲ್ಲ, ನನ್ನ ಬೈಕಿನ ಸಪ್ಪಳ ಕೇಳಿ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳದ ಯಜಮಾನನೂ ಇಲ್ಲ. "ನಾಳೆ ಅನ್ನೂದು ಯಾರ ಕೈಯಾಗ ಐತ್ರಿ?" ಎಂದು ನಾನು ಕೇಳಿದರೆ ಎಂಥ ಗಟ್ಟಿ ಆಸಾಮಿಯೂ ಒಮ್ಮೆ ಎದೆ ಮುಟ್ಟಿಕೊಳ್ಳುತ್ತಾನೆ.

ಇಂಥ ನಾನು ನನ್ನ ಹೆಂಡತಿಯ ಹಡಗನ್ನು ಒಂದೇ ಮಧ್ಯಾಹ್ನದಲ್ಲಿ ಪುಡಿ ಮಾಡಿದೆ. ನೀರಿನ ಹಡಗಲ್ಲ. ಬಾಹ್ಯಾಕಾಶದ್ದು.

ಗಿರಿಜಾಗೆ ಮೊಣಕಾಲಿನ ಆಪರೇಷನ್ ಆಗಿ ಕೂತಲ್ಲೇ ಕೂರುವಂತಾದಾಗ ಅವಳ ತಮ್ಮ ಮಲ್ಲೇಶಿ ಈ ಆಟವನ್ನು ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟ. ಅವನದು ಹಿರೇಕೆರೂರಿನಲ್ಲಿ ಕಬ್ಬಿಣ-ಸಿಮೆಂಟಿನ ಅಂಗಡಿ. ಬಿಡುವಿದ್ದಾಗ ಅವನು ಆಕಾಶದಲ್ಲಿ ಯುದ್ಧದ ಹಡಗು ಓಡಿಸುತ್ತಾನೆ. ಜಗತ್ತಿನ ಮಂದಿಯೆಲ್ಲ ಒಟ್ಟಿಗೆ ಆಡುವ ಆಟ. ನಮ್ಮದೊಂದು ಹಡಗು, ಅದರಲ್ಲಿ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಸರಕು ಮುಟ್ಟಿಸಬೇಕು, ನಾಣ್ಯ ಗಳಿಸಬೇಕು. ಮೊಣಕಾಲು ಮೂರು ತಿಂಗಳಲ್ಲಿ ನೆಟ್ಟಗಾಯಿತು. ಆಟ ನಿಲ್ಲಲಿಲ್ಲ.

ಅದರಲ್ಲಿ ಕೆಲಸಗಳಿಗೆ ಬಣ್ಣವಿದೆ. ಹಸಿರು ಕೆಲಸದ ದಾರಿಯುದ್ದಕ್ಕೂ ಪೊಲೀಸ್ ಹಡಗುಗಳ ಕಾವಲು. ಹಳದಿಯಲ್ಲಿ ಒಮ್ಮೊಮ್ಮೆ ಕಳ್ಳರು. ಕೆಂಪಿನಲ್ಲಿ ಕಳ್ಳರಷ್ಟೇ. ಹಸಿರಿಗೆ ಐವತ್ತು ನಾಣ್ಯ. ಅದೇ ಚೀಲ, ಅದೇ ತೂಕ, ಕೆಂಪಿಗೆ ಎರಡೂವರೆ ಸಾವಿರ! ಗಿರಿಜಾ ಮಾತ್ರ ಹಸಿರು ಬಿಟ್ಟು ಆಚೀಚೆ ಹೊರಳಿ ನೋಡಿದವಳಲ್ಲ. ಕಾರಣವಿತ್ತು. ನೂರು ದಿನ ಒಂದೂ ತಪ್ಪದಂತೆ ಹಸಿರು ಕೆಲಸ ಮಾಡಿದವರಿಗೆ ಆಟದವರು ಒಂದು ಪುಟ್ಟ ನಕ್ಷತ್ರ ಕೊಡುತ್ತಾರೆ. ಅದಕ್ಕೆ ನಮಗೆ ಬೇಕಾದ ಹೆಸರಿಡಬಹುದು. ಗಿರಿಜಾ ಹೆಸರು ಆರಿಸಿಯಾಗಿತ್ತು: ಗಂಗವ್ವ. ತೀರಿಹೋದ ಅವಳ ತಾಯಿ.

"ನಮ್ಮವ್ವನ ಹೆಸರು ಹೊಲದ ಉತಾರದಾಗ ಇಲ್ಲ, ಮನಿ ಕಾಗದದಾಗ ಇಲ್ಲ" ಎಂದಿದ್ದಳು. "ನನ್ನ ಲಗ್ನಪತ್ರದಾಗೂ ಅಪ್ಪನ ಹೆಸರಿನ ಮುಂದ ಶ್ರೀಮತಿ ಅಂತ ಹಚ್ಚಿ ಮುಗಿಸಿದ್ರು. ಮ್ಯಾಲರ ಒಂದು ಕಡೆ ಇರಲಿ."

ತೊಂಬತ್ತೇಳು ದಿನ ಆಗಿತ್ತು. ತೊಂಬತ್ತೆಂಟನೆಯ ದಿನ ಹಾನಗಲ್ಲಿನಲ್ಲಿ ಅವಳ ಅಕ್ಕನ ಮಗಳ ಕುಬಸ. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಲು ಚಿಕ್ಕಮ್ಮ ಹೋಗದಿದ್ದರೆ ಮಂದಿ ಬಿಟ್ಟಾರೆಯೇ? ಒಂದು ರಾತ್ರಿ ಇದ್ದು ಬರಬೇಕಿತ್ತು. ಹೊರಡುವಾಗ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಎಲ್ಲ ತೋರಿಸಿದಳು.

"ಹಸುರು ಕೆಲಸ, ಒಂದ. ಮುಗಿಸಿ ಬಂದ್ ಮಾಡ್ರಿ. ಕೆಂಪಿಗೆ ಕೈ ಹಚ್ಚಬ್ಯಾಡ್ರಿ."

"ಅಪಾಯದ ಬಗ್ಗೆ ನನಗ ಪಾಠ ಹೇಳ್ತೀಯೇನು?" ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ ಬಸ್ಸಿಗೆ ಹೋದಳು.

ಊಟ ಮುಗಿಸಿ ಕುಳಿತೆ. ಕೆಲಸಗಳ ಪಟ್ಟಿ ನೋಡುತ್ತಾ ನೋಡುತ್ತಾ ಸಿಟ್ಟು ಬಂತು. ಅರ್ಧ ಗಂಟೆ ದುಡಿಸಿ ಐವತ್ತು! ಪಾಪದ ಹೆಂಗಸು ಎಂದು ನೂರು ದಿನ ಯಾಮಾರಿಸುತ್ತಿದ್ದಾರೆ! ನನ್ನ ಧಂದೆಯಲ್ಲಿ ಅಪಾಯ ಹೆಚ್ಚಾದರೆ ಗಿರಾಕಿಯೇ ಹೆಚ್ಚು ಕಟ್ಟಬೇಕು. ಇಲ್ಲಿ ಅಪಾಯ ಹೆಚ್ಚಾದರೆ ಗಿರಾಕಿಗೇ ಕೊಡುತ್ತಾರೆ! ಇಪ್ಪತ್ನಾಲ್ಕು ವರ್ಷ ಮೇಜಿನ ತಪ್ಪು ಮಗ್ಗುಲಲ್ಲಿ ಕುಳಿತಿದ್ದೆನಲ್ಲ ಎಂದು ಮರುಗಿದೆ. ಮೊದಲು ಒಂದು ಕೆಂಪು ಮುಗಿಸುವುದು, ಆ ನಾಣ್ಯದಲ್ಲಿ ಗಿರಿಜಾಗೆ ದೊಡ್ಡ ಹಡಗು ಕೊಳ್ಳುವುದು, ಆಮೇಲೆ ಅವಳ ಹಸಿರು ಕೆಲಸ ಮಾಡುವುದು. ಹೀಗೆ ಸರ್ವಾನುಮತದಿಂದ ತೀರ್ಮಾನಿಸಿದೆ. ಮನೆಯಲ್ಲಿ ನಾನೊಬ್ಬನೇ ಇದ್ದೆ.

ಕೆಂಪನ್ನು ಒತ್ತಿದೆ. "ಹಡಗಿಗೆ ವಿಮೆ ಮಾಡಿಸುತ್ತೀರಾ? ಇಪ್ಪತ್ತು ನಾಣ್ಯ" ಎಂಬರ್ಥದ ಸಾಲು ಬಂತು. ನಕ್ಕುಬಿಟ್ಟೆ. ವಿಮೆ ಮಾರುವವನಿಗೇ ವಿಮೆ ಮಾರಲು ಬಂದಿದ್ದರು! ಇವರ ಆಟವೆಲ್ಲ ನನಗೆ ಗೊತ್ತಿಲ್ಲವೇ? ಬೇಡ ಎಂದು ಒತ್ತಿದೆ.

ಆದರೂ ಮುನ್ನೆಚ್ಚರಿಕೆ ಮುಖ್ಯ. ಆಟದಲ್ಲೇ ಮಲ್ಲೇಶಿಗೆ ಸಂದೇಶ ಕಳಿಸಿದೆ: "ದೊಡ್ಡ ಕೆಲಸ ಹಿಡದೇನಿ. ಜೋಡಿಗೆ ನಿನ್ನ ಹಡಗು ಬೇಕು." ಕೆಂಪು ಎಂದು ಬರೆಯಲಿಲ್ಲ. ಬರೆದಿದ್ದರೆ ಅಕ್ಕನಿಗೆ ಫೋನ್ ಮಾಡುತ್ತಿದ್ದ. ತಕ್ಷಣ ಉತ್ತರ ಬಂತು.

"ಆತ್ರಿ ಮಾವಾರ, ನೋಡೂಣ. ಅಂಗಡಿಗೆ ಗಿರಾಕಿ ಬಂದಾರ. ನಾ ಬರ್ತೇನ್ರಿ."

ಬರ್ತೇನೆ ಎಂದನಲ್ಲ, ಸಾಕಾಯಿತು. ಹಡಗು ಬಿಟ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೊರಟವರು ಯಾರೂ "ಹೋಗ್ತೇನಿ" ಎನ್ನುವುದಿಲ್ಲ. ಅದು ಅಪಶಕುನ. ಹೋಗುವವನೂ "ಬರ್ತೇನಿ" ಎಂದೇ ಹೋಗುತ್ತಾನೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಐವತ್ತೆರಡು ವರ್ಷದಿಂದ ನಾನೂ ಹಾಗೇ ಹೇಳಿ ಮಂದಿಯ ಮನೆಯಿಂದ ಎದ್ದಿದ್ದೇನೆ. ಆದರೆ ತಲೆಯಲ್ಲಿ ಎರಡೂವರೆ ಸಾವಿರ ಕುಣಿಯುತ್ತಿರುವಾಗ ಕನ್ನಡ ಎಲ್ಲಿ ನೆನಪಿರುತ್ತದೆ?

ಕೆಂಪು ವಲಯದ ನಡುವೆ ಹಡಗು ನಿಲ್ಲಿಸಿ ಮಲ್ಲೇಶಿಗಾಗಿ ಕಾದೆ. ನಿರ್ಜನ ಆಕಾಶ. ಬಹಳ ಶಾಂತವಾಗಿತ್ತು. ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡೆ. ಹತ್ತು ನಿಮಿಷಕ್ಕೆ ದೂರದಲ್ಲಿ ಮೂರು ಹಡಗು ಕಂಡವು. ಬಂದ ನಮ್ಮ ಹುಡುಗ, ಅಂಗಡಿಯ ಆಳುಗಳನ್ನೂ ಕರೆತಂದಿದ್ದಾನೆ ಎಂದು ಹಿಗ್ಗಿದೆ. ಜೊತೆಗಾರರು ಹತ್ತಿರ ಬರಬೇಕಾದರೆ ಹಡಗಿನ ರಕ್ಷಾಕವಚ ಇಳಿಸಬೇಕಂತೆ. ಮನೆಗೆ ಬಂದವರ ಮುಖಕ್ಕೆ ಬಾಗಿಲು ಹಾಕಿಕೊಂಡು ಕೂರುವ ಪದ್ಧತಿ ನಮ್ಮಲ್ಲಿಲ್ಲ. ಇಳಿಸಿದೆ. "ಬರ್ರಿ ಬರ್ರಿ, ಬಾಗಲಾ ತಗದೇನಿ" ಎಂದು ಬರೆದೆ.

ಮೂವರೂ ಬಂದರು. ಸರಕು ಎತ್ತಿಕೊಂಡರು. "ಥ್ಯಾಂಕ್ಯೂ" ಎಂದರು. ಮಲ್ಲೇಶಿ ಎಂದಿನಿಂದ ಥ್ಯಾಂಕ್ಯೂ ಹೇಳಲು ಕಲಿತ ಎಂದು ನಾನು ಯೋಚಿಸುವಷ್ಟರಲ್ಲಿ ಪರದೆಯೆಲ್ಲ ಬೆಂಕಿ. ಹಡಗು ಹೋಯಿತು. ನಾನು ಮಾತ್ರ ಒಂದು ಸಣ್ಣ ಡಬ್ಬಿಯಲ್ಲಿ ಕುಳಿತು ತೇಲುತ್ತಿದ್ದೆ.

ಮಲ್ಲೇಶಿಗೆ ಫೋನ್ ಹಚ್ಚಿದೆ.

"ಎಲ್ಲಿ ಅದಿಯೋ?"

"ಅಂಗಡ್ಯಾಗರಿ. ಸರಳು ತೂಗಾಕತ್ತೇನಿ."

"ಬರ್ತೇನಿ ಅಂದಿದ್ಯಲ್ಲ!"

"ಹೌದ್ರಿ. ಬರ್ತೇನಿ ಅಂದ್ನಿ, ಆಟ ಬಿಟ್ಟು ಎದ್ದು ಬಂದ್ನಿ."

ನಡೆದದ್ದು ಹೇಳಿದೆ. ಅತ್ತ ಕಡೆ ತಕ್ಕಡಿಯ ಸಪ್ಪಳ ನಿಂತಿತು. ಆಮೇಲೆ ಅವನು ಮೆಲ್ಲಗೆ, "ಗಾಬರಿ ಆಗಬ್ಯಾಡ್ರಿ. ಹಡಗು ಹ್ವಾದ್ರ ಹೋಗ್ಲಿ, ದಿನದ ಲೆಕ್ಕ ಉಳಿದೈತಿ. ಪುಕಟ ಒಂದು ಸಣ್ಣ ಹಡಗು ಕೊಡ್ತಾರ. ಅದನ್ನ ತಗೊಂಡು ಇವತ್ತಿನ ಹಸುರು ಕೆಲಸ ಮುಗಿಸ್ರಿ" ಎಂದ. ಅಳು ಬರುವಷ್ಟು ಸಂತೋಷವಾಯಿತು. ಗಂಗವ್ವ ಬದುಕಿದ್ದಳು!

ಪರದೆಯ ಮೇಲೆ ಎರಡು ಗುಂಡಿ ಇದ್ದವು. ಒಂದು "ಹೊಸ ಹಡಗು". ಇನ್ನೊಂದು "ಹೊಸದಾಗಿ ಆರಂಭಿಸಿ". ಎರಡರಲ್ಲೂ ಹೊಸದು ಇದೆಯಲ್ಲ ಎಂದು ದೊಡ್ಡದನ್ನು ಒತ್ತಿದೆ. "ಖಚಿತವೇ?" ಎಂದು ಕೇಳಿತು. ಖಚಿತ ಎಂದೆ. "ನಿಜವಾಗಿಯೂ?" ಎಂದಿತು. ಒಂದೇ ಪ್ರಶ್ನೆ ಎಷ್ಟು ಸಲ ಕೇಳುತ್ತೀರಿ ಎಂದು ರೇಗಿ ಜೋರಾಗಿಯೇ ಒತ್ತಿದೆ.

ಪರದೆ ಬೆಳಗಿತು. "ಸ್ವಾಗತ, ಹೊಸ ಆಟಗಾರರೇ. ಇದು ನಿಮ್ಮ ಮೊದಲ ದಿನ."

ಮರುದಿನ ಗಿರಿಜಾ ಹಾನಗಲ್ಲಿನಿಂದ ಹೋಳಿಗೆಯ ಡಬ್ಬಿ ಹಿಡಿದು ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಆತೇನ್ರಿ ಕೆಲಸ?"

ಕಚೇರಿಯ ಪತ್ರದ ಭಾಷೆ ನೆರವಿಗೆ ಬಂತು. "ಅನಿವಾರ್ಯ ಕಾರಣಗಳಿಂದ ಹಡಗಿಗೆ ಸಂಪೂರ್ಣ ಹಾನಿ ಸಂಭವಿಸಿದ್ದು, ಸದರಿ ತೊಂಬತ್ತೇಳು ದಿನಗಳು..." ಎಂದು ಶುರು ಮಾಡಿ ನಿಂತುಬಿಟ್ಟೆ. ಅವಳ ಮುಖ ನೋಡಲಾಗಲಿಲ್ಲ. ಕಟ್ಟೆಯ ಮೇಲೆ ಕುಳಿತಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಒಂದೇ ಮಾತು ಕೇಳಿದಳು. "ವಿಮಾ ಮಾಡಿಸಿದ್ರೋ ಇಲ್ಲೋ?"

ನಾನು ಹೋಳಿಗೆಯ ಡಬ್ಬಿ ಒಳಗಿಡಲು ಹೋದೆ.

ಗಿರಿಜಾ ಮತ್ತೆ ಒಂದನೆಯ ದಿನದಿಂದ ಶುರು ಮಾಡಿದ್ದಾಳೆ. ಇವತ್ತಿಗೆ ಅರವತ್ತೊಂದು. ಅವಳು ಆಡುವಾಗ ಚಹಾ ಮಾಡುವುದು, ಕಂಪ್ಯೂಟರ್ ಇರುವ ಕೋಣೆಯ ಹೊಸ್ತಿಲ ಹೊರಗೇ ನಿಂತು ಲೋಟ ಚಾಚುವುದು ನನ್ನ ಕೆಲಸ. ಹಸಿರು ಕೆಲಸ ಅದು, ಕೂಲಿಯೂ ಅಷ್ಟಕ್ಕಷ್ಟೇ. ಗಂಗವ್ವನ ನಕ್ಷತ್ರಕ್ಕೆ ಇನ್ನೂ ಮೂವತ್ತೊಂಬತ್ತು ದಿನ ಬಾಕಿಯಿದೆ. ನಾನು ಮಾತ್ರ ಒಂದು ದಿನವೂ ಕಾಯದೆ ಆಕಾಶ ಸೇರಿದ್ದೇನೆ. ಸರಕಿನ ಹಡಗು ಒಡೆದ ಜಾಗವನ್ನು ಆಟದ ನಕಾಶೆಯಲ್ಲಿ ಕಪ್ಪು ಚುಕ್ಕೆಯಾಗಿ ಉಳಿಸುತ್ತಾರಂತೆ. ಮಲ್ಲೇಶಿಯ ಬಳಗದವರೆಲ್ಲ ಅದನ್ನು ಮಾವಾರ ಗುಂಡಿ ಎಂದು ಕರೆಯುತ್ತಾರೆ.

ನಿನ್ನೆ ಚಹಾ ಹಿಡಿದು ಹೊಸ್ತಿಲ ಬಳಿ ನಿಂತಿದ್ದೆ. ಹೊಸದಾಗಿ ಆಟಕ್ಕೆ ಸೇರಿದ ಸವಣೂರಿನ ಹೆಂಗಸೊಬ್ಬರಿಗೆ ಗಿರಿಜಾ ಮೈಕಿನಲ್ಲಿ ದಾರಿ ಹೇಳುತ್ತಿದ್ದಳು.

"ಕೂಲಿ ನೋಡಿ ಕೆಂಪಿನ ಹಾದಿ ಹಿಡೀಬ್ಯಾಡ್ರಿ. ಅಲ್ಲೊಂದು ಗುಂಡಿ ಐತಿ."

"ಹೌದ್ರಿ, ನಕಾಶೆದಾಗ ಕಾಣಾಕತ್ತೈತಿ" ಎಂದಿತು ಸ್ಪೀಕರಿನ ದನಿ. "ಯಾರದ್ರಿ ಅಕ್ಕಾರ ಅದು?"

ಗಿರಿಜಾ ಹಿಂದಿರುಗಿ ನೋಡದೆ ನನ್ನ ಕೈಯಿಂದ ಲೋಟ ಇಸಿದುಕೊಂಡಳು.

"ನಮ್ಮ ಮನಿಯವರದರಿ."