ಟನ್ನಪ್ಪನ ಎರಡು ಕಿಲೋ ಮೈದಾ

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಟನ್ನಪ್ಪನ ಹೆಂಡತಿ ಜಾರಿಬಿದ್ದಳು. ಕೈಯಲ್ಲಿದ್ದ ಪುಟ್ಟ ತಕ್ಕಡಿಯೂ ಅವಳ ಜೊತೆಗೇ ಬಿತ್ತು. ಅವಳ ಬಲಗೈ ಉಳುಕಿತು. ತಕ್ಕಡಿಯ ಕತೆ ಅಲ್ಲಿಗೇ ಮುಗಿಯಿತು.

"ರೀ, ಕೇಕು!" ಎಂದು ಅವಳು ನೆಲದ ಮೇಲಿಂದಲೇ ಕೂಗಿದಳು. ಮನೆಯಲ್ಲೇ ಕೇಕು ಮಾಡಿ ಮಾರಲು ಶುರುಮಾಡಿದ ಮೇಲೆ ಸಿಕ್ಕ ಮೊದಲ ದೊಡ್ಡ ಆರ್ಡರು ಅದು. ಸಂಜೆ ಯಾರದೋ ಐವತ್ತು ಜನರ ಪಾರ್ಟಿ. ಇದು ಕೆಟ್ಟರೆ ಎರಡನೆಯ ಆರ್ಡರಿನ ಆಸೆ ಬಿಟ್ಟಹಾಗೆ.

"ನಾನಿಲ್ವಾ? ನೀನು ಮಲಕ್ಕೋ," ಎಂದ ಟನ್ನಪ್ಪ.

ಅವನು ಹೆದ್ದಾರಿಯ ವೇಬ್ರಿಜ್ಜಿನಲ್ಲಿ ಲಾರಿ ತೂಗುವವನು. ಬಾಯಿ ತೆರೆದರೆ ಟನ್ನಿನ ಲೆಕ್ಕ, ಅದಕ್ಕೇ ಬೀದಿಯವರು ಆ ಹೆಸರಿಟ್ಟದ್ದು. ಮನೆಯಲ್ಲಿ ಪಾಪದ ಪ್ರಾಣಿ, ತೂಕದ ವಿಷಯಕ್ಕೆ ಬಂದರೆ ಹುಲಿ. ಖಾಲಿ ಲಾರಿ ತೂಗಿದ ಮೇಲೆ ಸರಕಿನ ತೂಕ ಹೆಚ್ಚು ತೋರಿಸಲು ಯಾವನಾದರೂ ಒಂದು ಡ್ರಮ್ಮು ನೀರು ಏರಿಸಿಕೊಂಡು ಬಂದರೂ ಹಿಡಿದುಹಾಕುವ ಭೂಪ. ಇಂಥವರನ್ನು ಮೆಚ್ಚದೆ ಇರುವುದು ಹೇಗೆ ಹೇಳಿ!

ಆದರೆ ಕೇಕಿಗೆ ಬೇಕಾದದ್ದು ಎರಡು ಕಿಲೋ ಮೈದಾ, ಎರಡು ಕಿಲೋ ಸಕ್ಕರೆ. ಎರಡನ್ನೂ ಚೀಲದಿಂದ ದೊಡ್ಡ ಡಬ್ಬಗಳಿಗೆ ಸುರಿದಾಗಿತ್ತು. ತಕ್ಕಡಿಯಿಲ್ಲ, ಅಂಗಡಿಗಳಿಗೆಲ್ಲ ರಜೆ. ಮನೆಯಲ್ಲಿದ್ದದ್ದು ಅಳತೆಯ ಒಂದು ಕಪ್ಪು.

ಗಲಾಟೆ ಕೇಳಿ ಮೇಲಿನ ಮನೆಯ ಔಷಧಿ ಅಂಗಡಿಯವರೂ ಪಕ್ಕದ ಮನೆಯ ಟೈಲರಕ್ಕನೂ ಬಂದರು.

"ಒಂದು ಕಪ್ ಅಂದ್ರೆ ಇನ್ನೂರೈವತ್ತು ಎಂಎಲ್, ಅಂದ್ರೆ ಇನ್ನೂರೈವತ್ತು ಗ್ರಾಂ," ಎಂದರು ಔಷಧಿಯವರು. "ಎರಡೂ ಎಂಟೆಂಟು ಕಪ್ಪು. ಕಣ್ಮುಚ್ಕೊಂಡು ಸುರೀರಿ."

"ಅದು ನೀರಿನ ಲೆಕ್ಕ ಸಾರ್! ಹುಲ್ಲು ತುಂಬಿದ ಲಾರಿ, ಕಬ್ಬಿಣ ತುಂಬಿದ ಲಾರಿ ಒಂದೇ ತೂಕ ಬರುತ್ತಾ? ಮೈದಾ ಹುಲ್ಲಿನ ಜಾತಿ, ಸಕ್ಕರೆ ಕಬ್ಬಿಣದ ಜಾತಿ."

"ಹಾಗಾದ್ರೆ ಎಷ್ಟು ಕಪ್ಪು, ನೀವೇ ಹೇಳಿ."

"ಅದೇ ತಾನೇ ಗೊತ್ತಿಲ್ದೆ ಇರೋದು!"

"ನಾನು ದಿನಾ ನಿಂತು ತೂಕ ನೋಡ್ಕೊಳ್ಳೋ ಮಿಷನ್ ಇದೆ. ಅದು ಆಗುತ್ತಾ?" ಎಂದಳು ಟೈಲರಕ್ಕ.

ಮಿಷನ್ ಬಂತು. ಬರೀ ಪಾತ್ರೆ ಇಟ್ಟರೆ ಅದರ ಮುಳ್ಳು ಅಲುಗುವುದೇ ಇಲ್ಲ. ಮನುಷ್ಯರು ನಿಂತರೇ ಅದಕ್ಕೆ ಎಚ್ಚರ. ಟನ್ನಪ್ಪನ ಮುಖ ಅರಳಿತು.

"ಸರಿ, ನಾನೇ ಲಾರಿ!"

ಖಾಲಿ ಪಾತ್ರೆ ಹಿಡಿದು ನಿಂತ. ಎಪ್ಪತ್ತೊಂದು ಕಿಲೋ. ಟೈಲರಕ್ಕ ಸಕ್ಕರೆ ಸುರಿಯುತ್ತಾ ಹೋದಳು, ಮುಳ್ಳು ಎಪ್ಪತ್ತಮೂರಕ್ಕೆ ಬಂದಾಗ "ಸಾಕು" ಎಂದ. ಔಷಧಿಯವರೂ ಭೇಷ್ ಎಂದರು.

"ಅಯ್ಯೋ, ಬೆವತು ಹೋದ್ರಲ್ಲ ಅಣ್ಣ!" ಎಂದು ಟೈಲರಕ್ಕ ಒಂದು ತಂಬಿಗೆ ನೀರು ಕೊಟ್ಟಳು. ಅವನು ಗಟಗಟ ಕುಡಿದು, ಸಕ್ಕರೆಯನ್ನು ಬೇರೆ ಪಾತ್ರೆಗೆ ಸುರಿದು, ಮತ್ತೆ ಅದೇ ಪಾತ್ರೆ ಹಿಡಿದು ನಿಂತು, ಮುಳ್ಳು ಎಪ್ಪತ್ತಮೂರಕ್ಕೆ ಬರುವ ತನಕ ಮೈದಾ ಹಾಕಿಸಿಕೊಂಡ.

ಎರಡೂ ರಾಶಿ ನೋಡಿದವನೇ ಮುಖ ಗಂಟಿಕ್ಕಿದ. "ತಡೀರಿ. ಹುಲ್ಲಿನ ರಾಶಿ ಇಷ್ಟು ಸಣ್ಣ ಇರೋಕೆ ಸಾಧ್ಯವೇ ಇಲ್ಲ."

"ಮಿಷನ್ ಸುಳ್ಳು ಹೇಳುತ್ತೇನ್ರೀ?" ಎಂದರು ಔಷಧಿಯವರು.

ಟನ್ನಪ್ಪ ಹಣೆ ಚಚ್ಚಿಕೊಂಡ. "ನೀರು ಸಾರ್, ನೀರು! ನಾನು ಕುಡಿದ ನೀರೂ ತೂಕಕ್ಕೆ ನಿಂತಿತ್ತು!"

ಪಾತ್ರೆ ಖಾಲಿ ಮಾಡಿ ಮತ್ತೆ ನಿಂತರೆ ನಿಜವಾಗಿಯೂ ಎಪ್ಪತ್ತೊಂದೂವರೆ. ಅಲ್ಲಿಂದ ಹೊಸದಾಗಿ ಎರಡು ಕಿಲೋ ಮೈದಾ ಹಾಕಿಸಿಕೊಂಡ. ತನ್ನ ಹೊಟ್ಟೆಯೊಳಗಿನ ಕಳ್ಳತೂಕವನ್ನೂ ಹಿಡಿದ ಮನುಷ್ಯನಿಗೆ ಔಷಧಿಯವರು ಕೈಮುಗಿದರು. ಆಮೇಲೆ ಬೆಣ್ಣೆ-ಸಕ್ಕರೆ ಕಲಸಲು ಕೂತರು.

ಕೇಕು ಉಬ್ಬಿ ಬಂತು ನೋಡಿ, ಹೊಸ ದಿಂಬಿನ ಹಾಗೆ! ಅಂಚಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡ ಹೆಂಡತಿಯ ಕಣ್ಣು ತುಂಬಿತು. "ನನಗಿಂತ ಚೆನ್ನಾಗಿ ಮಾಡಿದೀರ ಕಣ್ರೀ," ಎಂದಳು. ಮದುವೆಯಾದಾಗಿನಿಂದ ಅವನು ಕೇಳದ ಮಾತು ಅದು.

ಸಂಜೆ ಟನ್ನಪ್ಪನೇ ಬಾಡಿಗೆ ಕಾರಿನಲ್ಲಿ ಕೇಕು ತೊಡೆಯ ಮೇಲಿಟ್ಟುಕೊಂಡು ಪಾರ್ಟಿಯ ಹಾಲಿಗೆ ಹೋದ. ಒಳಗೆ ಕಾಲಿಟ್ಟ ಕೂಡಲೇ ಹಾಡು ನಿಂತಿತು. ಐವತ್ತು ಜನವೂ ಲಾರಿ ಡ್ರೈವರುಗಳು. ಎಲ್ಲ ಪರಿಚಯದ ಮುಖಗಳೇ, ಎಲ್ಲರೂ ಒಂದಲ್ಲ ಒಂದು ಸಲ ಅವನ ಕೈಯಲ್ಲಿ ಸಿಕ್ಕಿಬಿದ್ದವರೇ.

"ಸಾರ್... ನೀವು ಇಲ್ಲಿ?" ಎಂದ ಅವರಲ್ಲಿ ಹಿರಿಯ ಡ್ರೈವರು.

"ಕೇಕು ತಂದೆ. ಏನು ವಿಶೇಷ?"

ಹಿರಿಯ ಡ್ರೈವರು ತಲೆ ಕೆರೆದುಕೊಂಡ. "ನಿಮಗೆ ವರ್ಗ ಆಗಿದೆಯಂತೆ ಸಾರ್, ದೂರಕ್ಕೆ. ನಾಳೆ ಕಾಗದ ಬರುತ್ತಂತೆ. ಅದಕ್ಕೇ... ನಾವೆಲ್ಲ ಸ್ವಲ್ಪ ಸಂತೋಷವಾಗಿ..."

ಟನ್ನಪ್ಪ ಕುರ್ಚಿ ಹುಡುಕಿ ಕೂತ. ಅವನಿಗೂ ಒಂದು ತುಂಡು ಕೊಟ್ಟರು. ಹಿರಿಯ ಡ್ರೈವರು ಬಾಯಿ ತುಂಬ ಕೇಕು ತುಂಬಿಕೊಂಡು, "ಆಣೆ ಮಾಡಿ ಹೇಳ್ತೀನಿ ಸಾರ್, ನಿಮ್ಮಂಥ ಪ್ರಾಮಾಣಿಕ ಮನುಷ್ಯನ್ನ ನಾವು ನೋಡೇ ಇಲ್ಲ," ಎಂದ. ಎಲ್ಲರೂ ಮನಸಾರೆ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಂದ್ರು?"

"ತುಂಬಾ ಮೆಚ್ಕೊಂಡ್ರು. ಮುಂದಿನ ಭಾನುವಾರಕ್ಕೆ ಇನ್ನೊಂದು ಹೇಳಿದಾರೆ."

"ಅಬ್ಬಾ, ಗೆದ್ವಿ! ಯಾತಕ್ಕಂತೆ?"

"ವೇಬ್ರಿಜ್ಜಿಗೆ ಹೊಸಬರು ಬರ್ತಾರಂತೆ. ಅವರ ಸ್ವಾಗತಕ್ಕೆ."

"ಹೊಸಬರಾ? ಹಾಗಾದ್ರೆ ನೀವು?"

"ನಾನು," ಎಂದ ಟನ್ನಪ್ಪ, "ಆ ಕೇಕು ಮಾಡಿಕೊಟ್ಟು ಹೊರಡಬೇಕು."