ಭಾವನ ಐರನ್‌ಗಳನ್ನು ಸಮ ಮಾಡಿಸಿದ್ದು

ಡೈರಿ ಸೆಕ್ರೆಟರಿ ಹರಿಕೃಷ್ಣಪ್ಪನವರಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ಒಂದು ದೂರು: ಇಲ್ಲಿ ಯಾವುದೂ ಸಮವಾಗಿಲ್ಲ. ಜಂಗಮಕೋಟೆಯ ಸುತ್ತಮುತ್ತ ಹಿಪ್ಪುನೇರಳೆಯನ್ನು ಹಗ್ಗ ಹಿಡಿದು, ಗೇಣು ಹಾಕಿ, ಒಂದು ಕಣ್ಣು ಮುಚ್ಚಿ ನೋಡಿ ನೆಟ್ಟವರು ಅವರೊಬ್ಬರೇ. ಮನೆಗೆ ನೆಂಟರು ಬಂದರೆ ಮೊದಲು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ, ಆಮೇಲೆ ಒಳಗೆ ಬಂದು "ಚೆನ್ನಾಗಿದೀರಾ" ಎಂದು ಕೇಳುತ್ತಿದ್ದರು. ತಟ್ಟೆಯಲ್ಲಿ ಒಂದು ಇಡ್ಲಿ ಉಬ್ಬಿ ಇನ್ನೊಂದು ಕುಗ್ಗಿದ್ದರೆ ಅವರಿಗೆ ಊಟವೇ ಸೇರುತ್ತಿರಲಿಲ್ಲ. (ಮದುವೆಯ ಫೋಟೋದಲ್ಲಿ ಹೆಂಡತಿ ಪದ್ಮಶ್ರೀ ಎರಡು ಇಂಚು ಎತ್ತರ ಕಾಣುತ್ತಾರೆಂದು ಆ ಫೋಟೋವನ್ನು ಗೋಡೆಗೆ ಓರೆಯಾಗಿ ಹಾಕಿದ್ದರು. ಅವರು ಒಪ್ಪಿಕೊಂಡ ಓರೆ ಅದೊಂದೇ.)

ಇಂಥ ಮಹಾನುಭಾವರ ಕೈಗೆ ಏಳು ಗಾಲ್ಫ್ ಕೋಲುಗಳು ಸಿಕ್ಕಿದವು.

ಅವು ಪದ್ಮಶ್ರೀಯವರ ಅಣ್ಣ ಮುರಳಿಮೋಹನ್ ಅವರವು. ಮುರಳಿಮೋಹನ್ ಮೊದಲು ಬೆಂಗಳೂರಿನಲ್ಲಿ, ಆಮೇಲೆ ನಂದಿ ಬೆಟ್ಟದ ಬುಡದಲ್ಲಿ, ಒಟ್ಟು ಮೂವತ್ತು ವರ್ಷ ಗಾಲ್ಫ್ ಮೈದಾನದ ಕ್ಯಾಡಿಯಾಗಿದ್ದವರು. ಆಡುವವರ ಚೀಲ ಹೊತ್ತು ಹಿಂದೆ ನಡೆಯುವುದು, ಪೊದೆಗೆ ಹೋದ ಚೆಂಡನ್ನು ಹುಡುಕಿ ಕೊಡುವುದು ಅವರ ಕೆಲಸ. ಒಬ್ಬ ಡಾಕ್ಟರು ದೇಶ ಬಿಟ್ಟು ಹೋಗುವಾಗ "ನನಗಿಂತ ಇವು ನಿನ್ನ ಮಾತು ಕೇಳ್ತಾವೆ ಮುರಳಿ" ಎಂದು ತಮ್ಮ ಐರನ್‌ಗಳನ್ನು ಅವರಿಗೇ ಕೊಟ್ಟುಬಿಟ್ಟಿದ್ದರು. ಕಬ್ಬಿಣದ ಮೂತಿಯ ಈ ಕೋಲುಗಳಿಗೆ ಆ ಆಟದಲ್ಲಿ ಐರನ್ ಎಂದೇ ಹೆಸರು. ಜಪಾನಿನಲ್ಲಿ ಬಡಿದು ಮಾಡಿದ ಕಬ್ಬಿಣ, ತೆಳು ಮೂತಿ, ಕನ್ನಡಿಯಂಥ ಹೊಳಪು. ಭಾವ ಅವುಗಳ ವಿಷಯ ಎತ್ತಿದರೆ ಎದುರಿಗಿದ್ದವರ ಕಾಫಿ ಆರಿ ಕೆನೆ ಕಟ್ಟುತ್ತಿತ್ತು. ಹರಿಕೃಷ್ಣಪ್ಪನವರು ಹಾಲಿನ ಡಿಗ್ರಿಯ ನೆಪ ಹೇಳಿ ಡೈರಿಗೆ ಎದ್ದು ಹೋಗುತ್ತಿದ್ದರು. ಎಷ್ಟು ಸಲ ಎದ್ದು ಹೋದರೋ, ಲೆಕ್ಕವಿಲ್ಲ.

ಒಂದು ಸೋಮವಾರ, ಮೈದಾನಕ್ಕೆ ರಜೆ ಇದ್ದಾಗ, ಭಾವ ಹರಿಕೃಷ್ಣಪ್ಪನವರನ್ನು ಕರೆದುಕೊಂಡು ಹೋಗಿ ಕೈಗೆ ಕೋಲು ಕೊಟ್ಟಿದ್ದರು.

"ಭುಜ ಬಿಗಿ ಹಿಡೀಬೇಡ ಹರಿ. ಕೋಲು ತನ್ನ ಕೆಲಸ ತಾನು ಮಾಡ್ತದೆ. ನೀನು ಅಡ್ಡ ಬರಬೇಡ, ಅಷ್ಟೆ."

ಹರಿಕೃಷ್ಣಪ್ಪನವರು ಐದು ಸಲ ಬೀಸಿದರು. ಎರಡು ಸಲ ಗಾಳಿಗೆ, ಒಂದು ಸಲ ನೆಲಕ್ಕೆ, ಎರಡು ಸಲ ಚೆಂಡಿನ ನೆತ್ತಿಗೆ. ಬೋರ್‌ವೆಲ್ ಪೈಪಿಗೆ ಸುತ್ತಿಗೆಯಲ್ಲಿ ಹೊಡೆದಂತೆ ಬೆರಳಿಂದ ಮೊಣಕೈವರೆಗೆ ಜುಮ್ಮೆಂದಿತು. ಆಚೆ ನಿಂತಿದ್ದ ನಾಲ್ಕಾರು ಕ್ಯಾಡಿಗಳು ಕಿಸಕ್ಕೆಂದರು. ಸೆಕ್ರೆಟರಿಯವರ ಮಾನ ಆ ಹುಲ್ಲಿನ ಮೇಲೆ ಬಿದ್ದು ಹೊರಳಾಡಿತು.

"ಇದೇನು ಮಹಾ ಕೋಲು?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. "ಮೂವತ್ತು ವರ್ಷ ಕಂಡೋರ ಚೀಲ ಹೊತ್ತು ಕಂಡೋರ ಚೆಂಡು ಹುಡುಕಿದ ಕೂಲಿ ಮನುಷ್ಯ ನನಗೆ ಪಾಠ ಹೇಳೋದಾ?"

ಕ್ಯಾಡಿಗಳ ನಗು ನಿಂತಿತು. ಭಾವ ಮಾತ್ರ ಸ್ವಲ್ಪ ಹೊತ್ತು ಕೋಲಿನ ಮೂತಿಯ ಮಣ್ಣನ್ನು ಟವೆಲ್ಲಿನಲ್ಲಿ ಒರೆಸುತ್ತ ನಿಂತು, ಆಮೇಲೆ ನಕ್ಕರು.

"ಸರಿಯಾಗಿ ತಗುಲಿದ್ರೆ ಕೈಗೆ ಗೊತ್ತೇ ಆಗಲ್ಲ ಕಣಪ್ಪ. ಏನೂ ಗೊತ್ತಾಗಲ್ಲ. ಒಂದು ಸಲ ಹಂಗೆ ತಗುಲ್ಲಿ, ಆಮೇಲೆ ನನ್ನ ಎಷ್ಟು ಬೇಕಾದ್ರೂ ಬೈಯಿ."

ಅದಾದ ಎರಡು ವರ್ಷಕ್ಕೆ ಭಾವನಿಗೆ ಶ್ವಾಸಕೋಶದ ಕಾಯಿಲೆ ಬಂತು. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ಅಮೃತ ಅದೇ ಮೈದಾನದಲ್ಲಿ ಮಕ್ಕಳಿಗೆ ಗಾಲ್ಫ್ ಕಲಿಸುತ್ತಿದ್ದಳು. ಕೊನೆಯ ಐದು ತಿಂಗಳು ಭಾವ ತಂಗಿಯ ಮನೆಯಲ್ಲೇ ಇದ್ದರು, ಕೋಲಿನ ಚೀಲವೂ ಮಂಚದ ಪಕ್ಕದಲ್ಲೇ ಇತ್ತು. ಹರಿಕೃಷ್ಣಪ್ಪನವರು ದಿನಾ ಸಂಜೆ 'ಇವತ್ತು ತಪ್ಪಾಯ್ತು ಅಂದುಬಿಡೋಣ' ಎಂದು ಮಂಚದ ಹತ್ತಿರ ಹೋಗುವುದು, ಹೋಗಿ "ಇವತ್ತು ಫ್ಯಾಟು ಕಮ್ಮಿ ಬಂತು ಭಾವ" ಎನ್ನುವುದು. ಒಂದು ದಿನ ಹೋದಾಗ ಹೇಳಿಸಿಕೊಳ್ಳುವವರು ಇರಲಿಲ್ಲ.

ವರ್ಷ ತುಂಬಿತು. ಮೊದಲ ಪಿತೃಪಕ್ಷ ಬಂತು. "ಭಾವನ ಎಡೆ ನಮ್ಮ ಮನೇಲೇ ಇಡಣ" ಎಂದು ಹರಿಕೃಷ್ಣಪ್ಪನವರೇ ಹೇಳಿದಾಗ ಪದ್ಮಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡರು. ತವರಿನ ಹಿರಿಯರಿಗೆ ಗಂಡನ ಮನೆಯಲ್ಲಿ ಎಡೆ ಇಡುವುದು ಪದ್ಧತಿಯಲ್ಲ, ಆದರೆ ಸೆಕ್ರೆಟರಿಯವರು ಹಠ ಹಿಡಿದರೆ ಯಾರು ಕೇಳುತ್ತಾರೆ? ಅಮೃತ ಫೋನಿನಲ್ಲಿ ಹೇಳಿದಳು: "ಮಾವ, ಎಡೆ ಮುಂದೆ ಅಪ್ಪನ ಐರನ್‌ಗಳ್ನೂ ಇಡಣ. ಆಮೇಲೆ ತಗೊಂಡು ಹೋಗ್ತೀನಿ. ಒಂದು ವರ್ಷದಿಂದ ಮುಟ್ಟಕ್ಕೆ ಧೈರ್ಯ ಆಗಿರ್ಲಿಲ್ಲ. ಇನ್ಮೇಲೆ ಅದರಲ್ಲೇ ಆಡ್ತೀನಿ."

ಹರಿಕೃಷ್ಣಪ್ಪನವರು ಆ ಏಳನ್ನೂ ಚೀಲದಿಂದ ತೆಗೆದು ಗೋಡೆಗೆ ಒರಗಿಸಿ ನಿಲ್ಲಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಒಂದು ಕಣ್ಣು ಮುಚ್ಚಿ ಮತ್ತೆ ನೋಡಿದರು.

ಒಂದೂ ಇನ್ನೊಂದರಷ್ಟು ಉದ್ದವಿರಲಿಲ್ಲ! ಟೇಪು ತಂದು ಅಳೆದರು. ಅರ್ಧರ್ಧ ಇಂಚು ಇಳಿಯುತ್ತ ಮೊದಲನೆಯದಕ್ಕೂ ಕೊನೆಯದಕ್ಕೂ ಹತ್ತಿರ ಹತ್ತಿರ ಮೂರು ಇಂಚು ವ್ಯತ್ಯಾಸ. ಡಾಕ್ಟರು ಅಲ್ಲೊಂದು ಇಲ್ಲೊಂದು ಉಳಿದದ್ದನ್ನು ಕೂಡಿಸಿ, ಪಾಪದ ಭಾವನ ತಲೆಗೆ ಕಟ್ಟಿ ವಿಮಾನ ಹತ್ತಿದ್ದಾನೆ ಎಂದು ಅವರಿಗೆ ಖಚಿತವಾಯಿತು. ಬದುಕಿದ್ದಷ್ಟು ದಿನ ಭಾವ ಈ ಅವಮಾನವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದಾರೆ! ನೆಂಟರೆಲ್ಲ ಸೇರುವ ದಿನ ಇವು ಹೀಗೆ ಏರುಪೇರಾಗಿ ನಿಲ್ಲಬೇಕೇ? ತಾನು ಆಡಿದ ಮಾತಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ದೇವರೇ ದಾರಿ ತೋರಿಸಿದನೆಂದು ಅವರಿಗನಿಸಿತು. ಹೆಂಡತಿಗೂ ಹೇಳದೆ ಚೀಲವನ್ನು ಸ್ಕೂಟರಿಗೆ ಕಟ್ಟಿ ಶಿಡ್ಲಘಟ್ಟದ ಕೋನಪ್ಪನ ಕುಲುಮೆಗೆ ಹೊರಟರು.

ಕೋನಪ್ಪ ಒಂದು ಕೋಲನ್ನು ಎತ್ತಿ, ಮೂತಿಯನ್ನು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಕಿವಿಗೆ ಹಿಡಿದು ಕೇಳಿದನು. ಆಮೇಲೆ ಮುಂದಿನದು. ಏಳನ್ನೂ ತಟ್ಟಿ ಆದ ಮೇಲೆ ತಲೆಯಾಡಿಸಿದನು.

"ವದ್ದು ಸಾಮಿ, ಬೇಡ. ಇದು ಅಚ್ಚಿಗೆ ಹುಯ್ದಿದ್ದಲ್ಲ, ಬಡಿದಿದ್ದು. ಮೆತ್ತನೆ ಕಬ್ಣ. ಇಷ್ಟು ಚೆನ್ನಾಗಿ ಬಡಿಯೋನಿಗೆ ಅಳತೆ ಗೊತ್ತಿರಲ್ವಾ? ಬೇಕೂ ಅಂತ್ಲೇ ಹಿಂಗೆ ಮಾಡವ್ನೆ."

"ನಿನಗೇನೋ ಗೊತ್ತು ಗಾಲ್ಫ್ ವಿಷಯ?"

"ನಂಗೆ ಗೊತ್ತಿಲ್ಲ ಸಾಮಿ. ನಿಮಗೆ ಗೊತ್ತಾ?"

ಇಂಥ ಪ್ರಶ್ನೆಗೆ ಸೆಕ್ರೆಟರಿಗಳು ಉತ್ತರ ಕೊಡುವ ಪದ್ಧತಿಯಿಲ್ಲ. ಗಿಡ್ಡದ್ದನ್ನು ಅಳತೆಗೆ ಇಟ್ಟುಕೊಂಡು ಉಳಿದ ಆರನ್ನೂ ಅದರ ಸಮಕ್ಕೆ ಕೊಯ್ಯಬೇಕೆಂದು ಅಪ್ಪಣೆಯಾಯಿತು. "ಮೂತಿ ಮಾತ್ರ ನಾನು ಮುಟ್ಟಲ್ಲ" ಎಂದು ಹೇಳಿಯೇ ಕೋನಪ್ಪ ಆ ಆರರ ರಬ್ಬರು ಹಿಡಿಗಳನ್ನು ಚಾಕುವಿನಿಂದ ಸೀಳಿ ಕಿತ್ತು ಕುಲುಮೆಗೆ ಎಸೆದನು, ಗರಗಸ ಹಾಕಿದನು, ಹಿಡಿ ಇದ್ದ ಕಡೆ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿಕೊಟ್ಟನು. ಅಂಗಡಿಯ ತುಂಬ ರಬ್ಬರು ಸುಟ್ಟ ವಾಸನೆ. ಏಳೂ ಒಂದೇ ಎತ್ತರಕ್ಕೆ ನಿಂತದ್ದನ್ನು ಕಂಡು ಹರಿಕೃಷ್ಣಪ್ಪನವರ ಕಣ್ಣಲ್ಲಿ ನೀರು ಬಂತು. ವಾಸನೆಗೋ ಸಂತೋಷಕ್ಕೋ ಅವರಿಗೇ ತಿಳಿಯಲಿಲ್ಲ.

ಅಮಾವಾಸ್ಯೆಯ ದಿನ ಮಧ್ಯಾಹ್ನ ನಡುಮನೆಯಲ್ಲಿ ಎಡೆ ಸಿದ್ಧವಾಯಿತು. ಬಾಳೆ ಎಲೆಯ ಮೇಲೆ ಮುದ್ದೆ, ನಾಟಿಕೋಳಿ ಸಾರು, ವಡೆ, ಒಬ್ಬಟ್ಟು. ಪಕ್ಕದಲ್ಲಿ ಭಾವನ ಪಟ, ಒಂದು ಲೋಟ ಕಾಫಿ, ಒಂದು ಕಟ್ಟು ಬೀಡಿ. (ಶ್ವಾಸಕೋಶ ಕೆಟ್ಟದ್ದು ಅದರಿಂದಲೇ. ಆದರೂ ಇಷ್ಟಪಟ್ಟದ್ದನ್ನು ಇಡದಿದ್ದರೆ ಹೇಗೆ?) ಎಲ್ಲರೂ ಹೊರಗೆ ಹೋದ ಮೇಲೆ ಹರಿಕೃಷ್ಣಪ್ಪನವರು ಏಳು ಕೋಲುಗಳನ್ನು ತಂದರು. ಹೊಳೆಯಲೆಂದು ಹೊಸದಾಗಿ ಮಾಡಿಸಿದ ಆರಕ್ಕೂ ಹಿಡಿಯಿಂದ ಮೂತಿಯವರೆಗೆ ಹರಳೆಣ್ಣೆ ತಿಕ್ಕಿದ್ದರು. ಟೈಲ್ಸ್ ಗೋಡೆಗೆ ಗೇಣು ಗೇಣಿಗೆ ಒಂದರಂತೆ ಒರಗಿಸಿ, ಸೈಕಲ್ ಟ್ಯೂಬು ಕಾಣದಂತೆ ಚೆಂಡುಹೂವಿನ ಹಾರ ಹಾಕಿ, ಕೈಮುಗಿದು, ಬಾಗಿಲು ಎಳೆದುಕೊಂಡು ಹೊರಬಂದರು. ಹಿರಿಯರು ಬಂದು ಉಣ್ಣುವ ಹೊತ್ತು ಯಾರೂ ಒಳಗಿರಬಾರದು, ಇಣುಕಲೂಬಾರದು.

ಅಂಗಳದಲ್ಲಿ ಪದ್ಮಶ್ರೀ, ಅಮೃತ, ನಾಲ್ಕಾರು ನೆಂಟರು ಸದ್ದಿಲ್ಲದೆ ನಿಂತಿದ್ದರು. ಅಮೃತ ಮೆಲ್ಲಗೆ ಹೇಳಿದಳು: "ಅತ್ತೆ, ಅಪ್ಪನ ಹೆಬ್ಬೆರಳು ಒತ್ತಿ ಒತ್ತಿ ಹಿಡಿ ಮೇಲೆಲ್ಲ ಗುಳಿ ಬಿದ್ದಿದೆ. ನನ್ನ ಹೆಬ್ಬೆರಳು ಇಟ್ರೆ ಸರಿಯಾಗಿ ಕೂರ್ತದೆ. ಅದಕ್ಕೇ ಅವು ಬೇಕು ನಂಗೆ. ಬೇರೆ ಏನೂ ಬೇಡ."

ಹರಿಕೃಷ್ಣಪ್ಪನವರಿಗೆ ಕುಲುಮೆಯ ರಬ್ಬರು ವಾಸನೆ ಮತ್ತೆ ಮೂಗಿಗೆ ಬಡಿಯಿತು.

ಅಷ್ಟರಲ್ಲಿ ಒಳಗೆ ಠಣ್ ಎಂದಿತು.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮತ್ತೆ ಠಣ್. ಪದ್ಮಶ್ರೀ "ಅಣ್ಣ!" ಎಂದು ಎದೆ ಹಿಡಿದುಕೊಂಡರು. ಮೂರನೆಯ ಠಣ್ಣಿಗೆ ಹರಿಕೃಷ್ಣಪ್ಪನವರಿಗೆ ಅನುಮಾನವೇ ಉಳಿಯಲಿಲ್ಲ. ಭಾವ ಬಂದಿದ್ದಾರೆ, ನೋಡಿದ್ದಾರೆ, ಒಂದೊಂದನ್ನೇ ಎತ್ತಿ ಎಸೆಯುತ್ತಿದ್ದಾರೆ! ನಾಲ್ಕನೆಯದು ಬೀಳುವಷ್ಟರಲ್ಲಿ ಸೆಕ್ರೆಟರಿಯವರು ರೇಷ್ಮೆ ಪಂಚೆಯಲ್ಲೇ ಹೊಸಲಿನ ಮುಂದೆ ಮಂಡಿಯೂರಿ ಬಾಗಿಲಿಗೆ ಹಣೆ ಹಚ್ಚಿದ್ದರು.

"ತಪ್ಪಾಯ್ತು ಭಾವ! ಕೊಯ್ಸಿದ್ದು ನಾನೇ! ಕೋನಪ್ಪ ಬೇಡ ಅಂದ, ನಾನು ಕೇಳ್ಲಿಲ್ಲ!"

"ಏನು ಕೊಯ್ಸಿದ್ರೀ?" ಎಂದರು ಪದ್ಮಶ್ರೀ.

ಠಣ್.

"ಹಿಡಿ ಎಲ್ಲ ಸುಟ್ಟೋಯ್ತು ಭಾವ! ಸಮ ಇರ್ಲಿ ಅಂತ ಮಾಡ್ಸ್ದೆ, ನಿಮಗೆ ಮರ್ಯಾದೆ ಆಗ್ಲಿ ಅಂತ..."

ಠಣ್.

"ಆವತ್ತು ಎಲ್ಲರ ಮುಂದೆ ಕೂಲಿ ಅಂದ್ನಲ್ಲ, ಅದೂ ತಪ್ಪು. ಐದು ತಿಂಗ್ಳು ಪಕ್ಕದಲ್ಲೇ ಇದ್ರಿ, ಒಂದು ದಿನ ಹೇಳಕ್ಕಾಗ್ಲಿಲ್ಲ ನನ್ ಕೈಲಿ. ಬರೀ ಹಾಲಿನ ಫ್ಯಾಟು ಹೇಳ್ದೆ!"

ಅವರು ಅಳುತ್ತಿದ್ದರು. ಏಳನೆಯ ಸದ್ದಿಗಾಗಿ ಎಲ್ಲರೂ ಕಾದರು. ಬರಲಿಲ್ಲ.

ಪದ್ಮಶ್ರೀ ಮೂರು ಸಲ ತಟ್ಟಿ ಬಾಗಿಲು ತೆರೆದರು. ಆರು ಕೋಲುಗಳು ಹರಳೆಣ್ಣೆಯ ಕೃಪೆಯಿಂದ ಟೈಲ್ಸಿನ ಮೇಲೆ ಜಾರಿ ಅಡ್ಡಾದಿಡ್ಡಿ ಬಿದ್ದಿದ್ದವು. ಒಂದರ ಮೂತಿ ಕೋಳಿ ಸಾರಿನಲ್ಲಿತ್ತು. ಎಣ್ಣೆ ತಾಗದ ಏಳನೆಯದು, ಆ ಗಿಡ್ಡದ್ದು, ಹಳೆಯ ರಬ್ಬರು ಹಿಡಿಯನ್ನು ಗೋಡೆಗೆ ಒತ್ತಿಕೊಂಡು ಇಟ್ಟಲ್ಲೇ ನಿಂತಿತ್ತು. ಯಾವ ಪ್ರೇತವೂ ಕೈ ಹಾಕಿರಲಿಲ್ಲ. ಹರಿಕೃಷ್ಣಪ್ಪನವರು ಸುಮ್ಮನಿದ್ದಿದ್ದರೆ ಇನ್ನೂ ಅರ್ಧ ಗಂಟೆ ಮಾನವಂತರಾಗಿ ಇರಬಹುದಿತ್ತು.

ಅಮೃತ ಸೈಕಲ್ ಟ್ಯೂಬನ್ನು ಬೆರಳಲ್ಲಿ ಸವರಿದಳು. "ಉದ್ದದ್ದು ದೂರಕ್ಕೆ, ಗಿಡ್ಡದ್ದು ಹತ್ತಿರಕ್ಕೆ ಮಾವ. ಒಂದೊಂದು ಅರ್ಧ ಇಂಚಿಗೂ ಹತ್ತು ಗಜ. ಅಪ್ಪ ಹೇಳಿರ್ಲಿಲ್ವಾ?"

"ಹೇಳಿದ್ರಮ್ಮ," ಎಂದರು ಹರಿಕೃಷ್ಣಪ್ಪನವರು. "ನಾನು ಎದ್ದು ಹೋಗ್ತಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಿಂತಿದ್ದ ಗಿಡ್ಡ ಕೋಲನ್ನು ತೆಗೆದು ಹಿಡಿಯ ಗುಳಿಯಲ್ಲಿ ಹೆಬ್ಬೆರಳಿಟ್ಟಳು. ಆಮೇಲೆ ಚೀಲದ ಜೇಬಿನಿಂದ ಒಂದು ಹಳೆಯ ಚೆಂಡು ತೆಗೆದು, ಹಿತ್ತಲ ಕಣದಲ್ಲಿಟ್ಟು, ಮಾವನ ಕೈಗೆ ಕೋಲು ಕೊಟ್ಟಳು.

"ಹೊಡೀರಿ ಮಾವ. ನಿಮ್ದೊಂದು ಹೊಡೆತ ಬಾಕಿ ಅಂತ ಅಪ್ಪ ಹೇಳ್ತಿದ್ರು."

ಹರಿಕೃಷ್ಣಪ್ಪನವರ ಹೆಬ್ಬೆರಳು ತಾನಾಗಿ ಗುಳಿಗೆ ಜಾರಿತು. ಅತ್ತು ಅತ್ತು ಭುಜದಲ್ಲಿ ಬಿಗಿ ಹಿಡಿಯಲು ಶಕ್ತಿಯೇ ಉಳಿದಿರಲಿಲ್ಲ. ಕೋಲು ಎತ್ತಿದರು, ಬಿಟ್ಟರು. ತಪ್ ಎಂಬ ಮೆತ್ತನೆಯ ಸದ್ದಾಯಿತು. ಜುಮ್ಮೆನ್ನುತ್ತದೆಂದು ಕಾದರು. ಕೈಗೆ ಏನೂ ಆಗಲಿಲ್ಲ. ಮತ್ತೆ ಗಾಳಿಗೆ ಹೊಡೆದೆ ಎಂದುಕೊಂಡು ನಾಚಿ ಕೆಳಗೆ ನೋಡಿದರು.

ಚೆಂಡು ಇರಲಿಲ್ಲ.

ಅಮೃತ ಹಣೆಗೆ ಕೈ ಅಡ್ಡ ಹಿಡಿದು ಹಿಪ್ಪುನೇರಳೆ ತೋಟದ ಮೇಲಿನ ಆಕಾಶ ನೋಡುತ್ತಿದ್ದಳು. ಹರಿಕೃಷ್ಣಪ್ಪನವರು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. ಈಗ ಎಷ್ಟು ಬೇಕಾದರೂ ಬೈಯಬಹುದಿತ್ತು. ಬೈಸಿಕೊಳ್ಳುವವರು ಪಟದಲ್ಲಿದ್ದರು.

"ಚೆಂಡು ಯಾರು ತರ್ತಾರೆ?" ಹಿಂದಿನಿಂದ ಪದ್ಮಶ್ರೀ ಕೇಳಿದರು. ದನಿ ಒಡೆದಿತ್ತು, ಆದರೂ ಗಟ್ಟಿಯಾಗಿತ್ತು. "ನಮ್ಮಣ್ಣ ಮೂವತ್ತು ವರ್ಷ ಕಂಡೋರ ಚೆಂಡು ಹುಡುಕ್ದ. ನೀವು ಅವನದೊಂದು ಹುಡುಕ್ಕೊಂಡು ಬನ್ನಿ. ಅಲ್ಲೀವರೆಗೂ ಮನೇಲಿ ಯಾರಿಗೂ ಎಲೆ ಹಾಕಲ್ಲ."

ಸೆಕ್ರೆಟರಿಯವರು ರೇಷ್ಮೆ ಪಂಚೆ ಎತ್ತಿ ಕಟ್ಟಿ ತೋಟಕ್ಕೆ ಇಳಿದರು. ಬಗ್ಗಿ ಬಗ್ಗಿ ಒಂದು ಸಾಲು ನೋಡಿದರು, ಎರಡು ನೋಡಿದರು. ಹತ್ತು ನಿಮಿಷಕ್ಕೆ ಎಲ್ಲಿದ್ದೇನೆಂದೇ ಗೊತ್ತಾಗದೆ ಹೋಯಿತು. ಹಗ್ಗ ಹಿಡಿದು, ಗೇಣು ಹಾಕಿ, ತಾವೇ ನೆಟ್ಟ ಸಾಲುಗಳು. ಎಡಕ್ಕೂ ಬಲಕ್ಕೂ ಕೂದಲಷ್ಟು ವ್ಯತ್ಯಾಸವಿಲ್ಲ. ಯಾವುದನ್ನು ನೋಡಿ ಆಯಿತು, ಯಾವುದು ಉಳಿಯಿತು ಎಂದು ಗುರುತು ಹಿಡಿಯಲು ಒಂದು ಗಿಡವೂ ಓರೆಯಾಗಿರಲಿಲ್ಲ.

ಮನೆಯ ಕಡೆಯಿಂದ ಆರಿದ ಕೋಳಿ ಸಾರನ್ನು ಮತ್ತೆ ಬಿಸಿಗಿಟ್ಟ ವಾಸನೆ ಬಂತು. ಹರಿಕೃಷ್ಣಪ್ಪನವರು ಸೊಂಟ ಹಿಡಿದು ನೆಟ್ಟಗೆ ನಿಂತು, ಅತ್ತಿತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಮೆಲ್ಲಗೆ ಕೇಳಿದರು.

"ಯಾವ ಕಡೆ ಬಿತ್ತು ಭಾವ?"